ಮಡಿಯ ಡೇರೆ

“ಮುಟ್ಟಬ್ಯಾಡವಾ. ಮಡಿಯೊಳಗಿದ್ದೀನಿ.”

ಕಾರಿನಿಂದ ಇಳಿಯುತ್ತಿದ್ದ ಅತ್ತೆಯ ಕೈ ಹಿಡಿಯಲು ಹೋದ ಕಮಲಾಕ್ಷಿ ಅಲ್ಲೇ ನಿಂತಳು. ಸುಂದರಾಬಾಯಿ ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡು, ಬಾಗಿಲನ್ನೇ ಆಧಾರ ಮಾಡಿಕೊಂಡು ಇಳಿದು, ದೂರದ ಮರದ ಬುಡದಲ್ಲಿ ಹೋಗಿ ಕೂತರು. ಪ್ರಹ್ಲಾದ ಹೆಂಡತಿಯ ಮುಖ ನೋಡಲಾರದೆ ಡಿಕ್ಕಿಯಿಂದ ಡೇರೆಗಳನ್ನು ಇಳಿಸತೊಡಗಿದ. ಒಂದು ಗಂಡ ಹೆಂಡತಿಗೆ. ಇನ್ನೊಂದು ಮಡಿಗೆ.

ಅದು 2009ರ ಮಳೆಗಾಲ. ಹೈದರಾಬಾದಿನಲ್ಲಿ ಹಂದಿಜ್ವರ ಹಬ್ಬಿತ್ತು. ಮಾದಾಪುರದ ಅವನ ಆಫೀಸಿನಲ್ಲಿ ಎಲ್ಲರ ಮುಖಕ್ಕೂ ಮಾಸ್ಕ್ ಬಂದಿತ್ತು. ಕೂಕಟ್‌ಪಲ್ಲಿಯ ಅವರ ಫ್ಲಾಟಿನ ಕೆಳಗಿನ ಮನೆಯ ಗುರುಬಾಯಿಯನ್ನು ಆಂಬುಲೆನ್ಸಿನಲ್ಲಿ ಒಯ್ದ ಮರುದಿನ ಊರು ಬಿಡುವ ಮಾತು ತೆಗೆದವರೇ ಸುಂದರಾಬಾಯಿ.

“ಪ್ಲೇಗಿನಾಗ ನಮ್ಮಜ್ಜ ಹೊಲದಾಗ ಗುಡಸಲಾ ಹಾಕಿದ್ದ. ಬಸುರಿ ಹೆಣಮಗಳನ್ನ ಇಲ್ಲಿ ಇಟಗೋಬ್ಯಾಡ. ನೀವಿಬ್ಬರೂ ಹೋಗ್ರಿ, ನಾ ಮನಿ ಕಾಯತೀನಿ.”

“ನೀ ಬರಲಿಲ್ಲಂದ್ರ ನಾವೂ ಹೋಗಂಗಿಲ್ಲ” ಎಂದು ಪ್ರಹ್ಲಾದ ಹಟ ಹಿಡಿದ. ಮಗನ ಹಟ ಅವರಿಗೆ ಗೊತ್ತಿದ್ದದ್ದೇ. ಕೊನೆಗೆ, “ಬರತೀನಿ. ಆದ್ರ ಮಡೀಲೆ ಇರತೀನಿ. ಬ್ಯಾರೆ ಡೇರೆ ಬೇಕು” ಎಂದರು.

ಕಮಲಾಕ್ಷಿ ಹಳೆಯದೆಲ್ಲ ಮುಗಿಯಿತೆಂದುಕೊಂಡಿದ್ದಳು. ಬೇರೆ ಜಾತಿಯ ಹುಡುಗಿಯೆಂದು ಮದುವೆಗೆ ಅಡ್ಡಬಂದಿದ್ದ ಅತ್ತೆ, ವರ್ಷ ತುಂಬುವಷ್ಟರಲ್ಲಿ ಮಡಿ ಸೀರೆಯನ್ನು ಟ್ರಂಕಿಗೆ ಹಾಕಿ, ಅವಳ ಕೈಯ ರೊಟ್ಟಿ ಉಂಡಿದ್ದರು. ಈಗ ಏಳು ತಿಂಗಳ ಬಸುರಿಯನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಹೊರಟ ದಿನ ಲಿಂಗಂಪಲ್ಲಿ ದಾಟಿದ ಮೇಲೆ ಮಳೆ ಜೋರಾಯಿತು. ಹಿಂದಿನ ಸೀಟಿನ ಸುಂದರಾಬಾಯಿ ಕಿಟಕಿ ಏರಿಸಲಿಲ್ಲ. ಎರಚಲಿಗೆ ಮುಖವೊಡ್ಡಿ ಕೂತೇ ಇದ್ದರು. ಶಂಕರಪಲ್ಲಿಯಲ್ಲಿ ಪ್ರಹ್ಲಾದ ಅಂಗಡಿಯ ಚಹಾ ತಂದು ಕಲ್ಲಿನ ಮೇಲಿಟ್ಟು ಹಿಂದೆ ಸರಿದ. ಅವರು ಎರಡೂ ಕೈಯಲ್ಲಿ ಲೋಟ ಹಿಡಿದು, ತೊಟ್ಟು ಬಿಡದೆ ಕುಡಿದರು.

ಅನಂತಗಿರಿಯ ಗುಡ್ಡದಲ್ಲಿ ಆ ಸಂಜೆ ಎರಡೂ ಡೇರೆ ಎದ್ದವು.

“ಅತ್ತಿ ಗುರುಬಾಯಿಗೆ ಕೈಯಾರೆ ಗಂಜಿ ಕುಡಿಸಿ ಬಂದರಲ್ರಿ” ಎಂದಳು ಕಮಲಾಕ್ಷಿ. “ಅವಾಗ ಇರದ ಮಡಿ ನನ್ನ ಮುಂದ ಮಾತ್ರ ಯಾಕ? ನಾಳೆ ಹುಟ್ಟೋ ಕೂಸಿಗೂ ಹಿಂಗ ಮಾಡಿದ್ರ? ನನ್ನ ಬೀದರಕ್ಕ, ತವರಿಗೆ ಬಿಟ್ಟು ಬರ್ರಿ. ನಾ ತಿರುಗಿ ಬರಂಗಿಲ್ಲ.”

ಪ್ರಹ್ಲಾದನ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾಯಿತು. ತಾಯಿಗೆ ಬುದ್ಧಿ ಹೇಳುವ ಧೈರ್ಯವಿಲ್ಲ. ಅವ್ವನ ಡೇರೆಯ ಮುಂದೆ ಅನ್ನ ಇಟ್ಟು ಬಂದ. ಬೆಳಗ್ಗೆ ನೋಡಿದರೆ ತಟ್ಟೆಗೆ ಇರುವೆ ಮುತ್ತಿತ್ತು.

“ನಾ ಮಾಡಿದ್ದಂತ ಉಂಡಿಲ್ಲೇನೋ” ಎಂದಳು ಕಮಲಾಕ್ಷಿ, ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತ. ನಡುವೆ ಕೈ ನಿಲ್ಲಿಸಿದಳು. “ನಮ್ಮ ತವರಾಗ ಈ ರೂಢಿ ಇಲ್ಲ, ಅದಕ್ಕ ಕೇಳತೀನಿ. ಮಡಿಯೊಳಗ ಅಂಗಡಿ ಚಾ ನಡೀತೈತೇನ್ರಿ?”

ಪ್ರಹ್ಲಾದ ಅವ್ವನ ಡೇರೆಯತ್ತ ತಿರುಗಿದ. ಮಡಿಯಲ್ಲಿದ್ದಾಗ ಅವನ ಅಜ್ಜಿ ಬೇರೆಯವರು ತುಂಬಿಟ್ಟ ನೀರನ್ನೂ ಮುಟ್ಟುತ್ತಿರಲಿಲ್ಲ. ಮಡಿಯೆಂದರೆ ಮೊದಲು ಸ್ನಾನ. ಅವ್ವ ನೀರನ್ನೇ ಕೇಳಿರಲಿಲ್ಲ. ಇಷ್ಟೆಲ್ಲ ಕಂಡು ಬೆಳೆದವನಿಗೆ ನಿನ್ನೆಯಿಂದ ಇದೊಂದೂ ಹೊಳೆದಿರಲಿಲ್ಲ.

ಓಡಿಹೋಗಿ ಡೇರೆಯ ಜಿಪ್ಪು ಎಳೆದ. ಸುಂದರಾಬಾಯಿ ಕಂಬಳಿಯೊಳಗೆ ಮುದುಡಿ ನಡುಗುತ್ತಿದ್ದರು. ಹಣೆ ಮುಟ್ಟಿದ. ಕಾದ ಹಂಚಿನಂತಿತ್ತು.

“ಗುರುಬಾಯಿನ್ನ ಒಯ್ದ ದಿನಾನ ನನಗೂ ಶುರುವಾತು” ಎಂದರು, ಏದುಸಿರು ಬಿಡುತ್ತ. “ಹೇಳಿದ್ರ ನೀವಿಬ್ಬರೂ ನನ್ನ ಮಗ್ಗಲದಾಗ ಕೂಡತಿದ್ರಿ. ನಾ ಬರದಿದ್ರ ನೀ ಆಕಿನ್ನ ಹೊರಗ ತರತಿದ್ದಿಲ್ಲ.”

ಹಿಂದೆ ಒದ್ದೆ ಎಲೆಗಳ ಮೇಲೆ ಹೆಜ್ಜೆ ಸಪ್ಪಳ. “ಅತ್ತೀ?”

ಸುಂದರಾಬಾಯಿ ಮಗನ ಕೈಯನ್ನು ಹಣೆಯಿಂದ ತಳ್ಳಿದರು.

“ಆಕಿ ಬರ್ಲಿಕ್ಕತ್ತಾಳ. ನಾ ಇನ್ನೂ ಮಡಿಯೊಳಗಿದ್ದೀನಂತ ಹೇಳು.”