ಸೊಸೆಯ ಹೆಡ್‌ಫೋನಿನ ಗುಣದೋಷ

ಬಕೆಟ್ಟು ಬಿದ್ದ ಸದ್ದಿಗೆ ಸತ್ತವರೂ ಎದ್ದು ಕೂತು ಏನಾಯ್ತೆಂದು ಕೇಳಬೇಕಿತ್ತು. ಇಸ್ತ್ರಿ ಮೇಜಿನ ಮುಂದೆ ಬೆನ್ನು ತಿರುಗಿಸಿ ನಿಂತಿದ್ದ ಸೊಸೆ ಮಾತ್ರ ಕತ್ತು ಹೊರಳಿಸಲಿಲ್ಲ. ಅಂಗಿಯ ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆ ಸರಾಗವಾಗಿ ಹರಿಯುತ್ತಲೇ ಇತ್ತು.

ಬಕೆಟ್ಟನ್ನು ಬೇಕೆಂದೇ ಕೆಡವಿದ್ದು ಅತ್ತೆ. ಪರೀಕ್ಷೆ ಮುಗಿಯಿತು. ಸೊಸೆಯ ಕಿವಿಗೆ ಕವುಚಿಕೊಂಡ ಆ ಎರಡು ಕಪ್ಪು ಬಟ್ಟಲುಗಳೊಳಗೆ ಲೋಕದ ಸದ್ದು ಇಳಿಯುವುದಿಲ್ಲ.

ಹೆಡ್‌ಫೋನ್ ತಂದುಕೊಟ್ಟವನು ಮಗ. ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಲಾಂಡ್ರಿಯ ಮೂರು ಮೆಷಿನ್‌ಗಳ ಗದ್ದಲಕ್ಕೆ ಹೆಂಡತಿಗೆ ತಲೆನೋವು ಬರುತ್ತದೆಂದು ತಂದಿದ್ದ. ಮೂವತ್ತು ವರ್ಷ ಅದೇ ಗದ್ದಲದಲ್ಲಿ ದುಡಿದ ತಾಯಿಗೆ ತಲೆಯೇ ಇಲ್ಲವೆಂದುಕೊಂಡನೋ ಏನೋ.

ಅತ್ತೆ ಅದರ ಗುಣದೋಷ ತೂಗಿ ನೋಡಿದ್ದಳು. ಗುಣ ಇಲ್ಲದಿಲ್ಲ. ವೈರಿಲ್ಲ, ಹಾಗಾಗಿ ಇಸ್ತ್ರಿಪೆಟ್ಟಿಗೆಗೆ ತೊಡರುವುದಿಲ್ಲ. ಸೊಸೆಯ ತಲೆನೋವು ಓಡಿಹೋಯಿತು. ಆಗಾಗ ಹಾಡು ಗುನುಗುತ್ತಾಳೆ. ದೋಷ ಮಾತ್ರ ಬೆಟ್ಟದಷ್ಟು. ಹತ್ತು ಸಲ ಕೂಗಿದರೂ ಓಗೊಡುವುದಿಲ್ಲ. ಗಿರಾಕಿ ಬಂದು ನಿಂತಲ್ಲೇ ಗಡ್ಡ ಬೆಳೆದರೂ ಗೊತ್ತಾಗುವುದಿಲ್ಲ. ಸೆಕೆಗೆ ಕಿವಿ ಬೆಂದು ಬದನೆಕಾಯಿಯಾಗುತ್ತದೆ. ಸಾಲದೆಂದು, ದಿನಾ ಸಂಜೆ ವೈರು ಸಿಕ್ಕಿಸಿ ಅದಕ್ಕೆ ಕರೆಂಟು ಕುಡಿಸಬೇಕು. ಹಸುಗೂಸಿಗಿಂತ ಕಡೆ.

ಬಕೆಟ್ಟು ಬಿದ್ದ ದಿನ ಎಲ್ಲಕ್ಕಿಂತ ದೊಡ್ಡ ಗುಣ ಗೊತ್ತಾಯಿತು. ಆ ಬೆನ್ನಿಗೆ ಏನು ಬೇಕಾದರೂ ಹೇಳಬಹುದು.

ಮೊದಲ ವಾರ ಅತ್ತೆ ಆರು ವರ್ಷದ ದಾಸ್ತಾನು ಖಾಲಿ ಮಾಡಿದಳು. ಸೊಸೆಯ ತವರಿನಲ್ಲಿ ನೀರು ಕುದಿಸುವುದನ್ನೂ ಕಲಿಸಿರಲಿಲ್ಲ ಎಂಬಲ್ಲಿಂದ ಹಿಡಿದು, ಅವಳು ನಡೆದರೆ ನೆಲವೇ ಬೇಸರದಿಂದ ಆಕಳಿಸುತ್ತದೆ ಎಂಬಲ್ಲಿಯವರೆಗೆ. ಎರಡನೆಯ ವಾರಕ್ಕೆ ಬೈಗುಳ ಮುಗಿದುಹೋದವು.

ಆಮೇಲೊಂದು ಮಧ್ಯಾಹ್ನ ಬೇರೆಯೇ ಮಾತು ಹೊರಬಿತ್ತು. ಹಿಂದಿನ ಸಂಜೆಯಿಡೀ ಕರೆಂಟಿರಲಿಲ್ಲ. ಬಟ್ಟೆ ರಾಶಿ ಬಿದ್ದಿತ್ತು, ಮೂರೂ ಮೆಷಿನ್‌ಗಳು ಒಟ್ಟಿಗೆ ಗರ್ಜಿಸುತ್ತಿದ್ದವು. ಅತ್ತೆ ಗಂಟಲೇರಿಸಿಯೇ ಹೇಳಿದಳು.

"ಎಡಗಡೆ ಎದೇಲಿ ಗಂಟು ಕಣೇ. ಮೊದಲು ಅಂಗಿ ಗುಂಡಿಯಷ್ಟಿತ್ತು. ಈಗ ಕೋಟಿನ ಗುಂಡಿ ಆಗಿದೆ."

ಅತ್ತೆಯ ಅಕ್ಕನಿಗೂ ಇಂಥದೇ ಗಂಟಿತ್ತು. ಆಸ್ಪತ್ರೆಗೆ ನಡೆದುಕೊಂಡು ಹೋದವಳು ನಾಲ್ವರ ಹೆಗಲೇರಿ ಬಂದಳು. ಅಂದೇ ಅತ್ತೆ ಆಣೆ ಹಾಕಿಕೊಂಡಿದ್ದಳು, ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲವೆಂದು. ಮಗನಿಗೆ ಹೇಳಿದರೆ ಮೂಟೆಯಂತೆ ಹೊತ್ತೊಯ್ದಾನು. ಅದಕ್ಕೇ ಬಾಯಿ ಬಿಟ್ಟಿರಲಿಲ್ಲ. ಇದನ್ನೂ ಆ ಬೆನ್ನಿಗೇ ಹೇಳಿದಳು. ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಗಂಟು ಮಾತ್ರ ಇದ್ದಲ್ಲೇ ಇತ್ತು.

ಅಂದಿನಿಂದ ಅದು ದಿನದ ಪಾಠವಾಯಿತು. ಮಲಗಿದರೆ ತೋಳು ಸೆಳೆಯುವುದು, ಸ್ನಾನದ ಮನೆಯಲ್ಲಿ ಕನ್ನಡಿಗೆ ಟವೆಲು ಹೊದಿಸುವುದು, ಸಾವಿಗಿಂತ ಕತ್ತರಿಗೆ ಹೆಚ್ಚು ಹೆದರಿಕೆ ಎಂಬುದು. ಬೆನ್ನು ಕೇಳಿಸಿಕೊಳ್ಳಲಿಲ್ಲ, ಸಮಾಧಾನ ಹೇಳಲಿಲ್ಲ, ಅಳಲಿಲ್ಲ. ಅಂಥ ಬೆನ್ನು ಕೋಟಿಗೊಂದು.

ಹೆಡ್‌ಫೋನಿಗೆ ಹೊಸ ದೋಷಗಳೂ ಸೇರಿಕೊಂಡವು. ಆರು ವರ್ಷದಲ್ಲಿ ಒಂದು ದಾರವನ್ನೂ ಸುಡದ ಸೊಸೆ ಅದೇ ಮಧ್ಯಾಹ್ನ ಬಿಳಿ ಅಂಗಿಯ ಕಾಲರು ಸುಟ್ಟಳು. ಗುನುಗುವುದು ನಿಂತಿತು. ಕಣ್ಣು ಕೆಂಪಗಿರುತ್ತಿತ್ತು, ಕಿವಿಯ ಕಾವು ಕಣ್ಣಿಗೇರಿದೆ ಎಂದುಕೊಂಡಳು ಅತ್ತೆ. ಒಂದು ಲಾಭವೂ ಇತ್ತೆನ್ನಿ. ಕರೆಂಟು ಕುಡಿಸುವ ಗೋಜು ತಪ್ಪಿತ್ತು. ವೈರು ಮೊಳೆಗೆ ನೇತುಬಿದ್ದು ಧೂಳು ತಿನ್ನುತ್ತಿತ್ತು. ಕೂಸು ಹಾಲು ಬಿಟ್ಟಿತು, ಸದ್ಯ.

ಹತ್ತನೆಯ ದಿನ ಮಗ ಹೇಳಿದ್ದಕ್ಕಿಂತ ಮೊದಲೇ ಬಂದ. ಗಂಡ ಹೆಂಡತಿ ಮೆಷಿನ್‌ಗಳ ಹಿಂದೆ ನಿಂತು ಪಿಸುಗುಟ್ಟಿದರು. ಅತ್ತೆ ಬಂದೊಡನೆ ಮಾತು ಕತ್ತರಿಸಿದರು. ಮಂಚದ ಕೆಳಗೆ ಒಂದು ಚೀಲ. ತೆರೆದು ನೋಡಿದಳು. ಅವಳದೇ ಎರಡು ಸೀರೆ, ಅವಳದೇ ಬಾಚಣಿಗೆ, ಟವೆಲು.

ಅರ್ಥವಾಯಿತು. ಮುದುಕಿಯರನ್ನು ಇಟ್ಟುಕೊಳ್ಳುವ ಮನೆಗಳಿವೆ ಎಂದು ಕೇಳಿದ್ದಳು. ಲಾಂಡ್ರಿ ಇನ್ನು ಸೊಸೆಯದೇ.

ಆ ಮಧ್ಯಾಹ್ನ ಬೆನ್ನಿಗೆ ಅದನ್ನೂ ಹೇಳಿದಳು. "ಎಲ್ಲಿ ಬಿಟ್ಟು ಬರ್ತೀಯೋ ಬಾ. ಗಂಟಿದೆಯಲ್ಲ ಜೊತೆಗೆ, ನಾನೇನು ಒಂಟಿ ಅಲ್ಲ."

ಇನ್ನೊಂದು ಕಾಲರು ಸುಟ್ಟ ವಾಸನೆ ಬಂತು.

ಮರುದಿನ ಬೆಳಗ್ಗೆ ಲಾಂಡ್ರಿಯ ಬಾಗಿಲು ತೆರೆಯಲೇ ಇಲ್ಲ. ಲಾರಿಯಲ್ಲಿ ಮಗ ಒಂದು ಕಡೆ, ಸೊಸೆ ಒಂದು ಕಡೆ, ನಡುವೆ ಅತ್ತೆ. ಎಲ್ಲಿಗೆಂದು ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ. ಸೊಸೆಯ ಕಿವಿಯ ಮೇಲೆ ಕಪ್ಪು ಬಟ್ಟಲುಗಳು ಕೂತೇ ಇದ್ದವು. ಬೀದಿಪಾಲು ಮಾಡುವ ದಿನವೂ ಇವಳಿಗೆ ಹಾಡು ಬೇಕು.

ಲಾರಿ ದೊಡ್ಡ ಕಟ್ಟಡದ ಹಿಂಭಾಗದಲ್ಲಿ ನಿಂತಿತು. ಮುಂದಿನ ಬಾಗಿಲು ಬಿಟ್ಟು ಇಳಿಜಾರಿನ ದಾರಿ ಹಿಡಿಸಿದಳು ಸೊಸೆ. ಅಲ್ಲಿ ಒಂದೂ ಮೆಟ್ಟಿಲಿರಲಿಲ್ಲ. ಒಳಗೆ ಉದ್ದ ಬೆಂಚು, ಸಾಲಾಗಿ ಕೂತ ಹೆಂಗಸರು. ಕೋಣೆಯೊಳಗೆ ಬಿಳಿ ಕೋಟಿನ ಡಾಕ್ಟರಮ್ಮ.

ಎಷ್ಟು ದಿನದಿಂದ ಎಂದು ಡಾಕ್ಟರಮ್ಮ ಕೇಳಿದಳು. ಅತ್ತೆ ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಎಳೆದುಕೊಂಡಳು.

"ಮೂರು ತಿಂಗಳಾಯ್ತಂತೆ ಡಾಕ್ಟ್ರೇ," ಎಂದಳು ಸೊಸೆ. "ಎಡಗಡೆ. ಮೊದಲು ಅಂಗಿ ಗುಂಡಿಯಷ್ಟಿತ್ತಂತೆ, ಈಗ ಕೋಟಿನ ಗುಂಡಿ. ಮಲಗಿದ್ರೆ ತೋಳು ಸೆಳೆಯುತ್ತಂತೆ. ಕತ್ತರಿ ಅಂದ್ರೆ ಭಯ, ಸ್ವಲ್ಪ ನಿಧಾನವಾಗಿ ಹೇಳಿ."

ಅತ್ತೆಗೆ ಮೊದಲ ವಾರದ ಬೈಗುಳಗಳೆಲ್ಲ ಸಾಲುಗಟ್ಟಿ ನೆನಪಾದವು.

"ಆ ಡಬ್ಬ ಹಾಕ್ಕೊಂಡ್ರೂ ಎಲ್ಲಾ ಕೇಳಿಸ್ತಿತ್ತೇನೇ?"

"ಹಾಡು ಹಾಕಿದ್ರೆ ಏನೂ ಕೇಳಿಸಲ್ಲ ಅತ್ತೆ. ನೀವು ಗಂಟು ಅಂದ ದಿನ ಅದರ ಚಾರ್ಜ್ ಮುಗಿದಿತ್ತು. ಆಮೇಲೆ ನಾನು ಚಾರ್ಜಿಗೆ ಹಾಕಲೇ ಇಲ್ಲ."

"ಮತ್ತೆ ಹತ್ತು ದಿನ ತಲೆ ಮೇಲೆ ಯಾಕೆ ಹೊತ್ತಿದ್ದೆ?"

ಸೊಸೆ ಹೆಡ್‌ಫೋನ್ ತೆಗೆದು ಚೀಲದ ಸೀರೆಗಳ ಮೇಲಿಟ್ಟಳು.

"ತೆಗೆದಿದ್ರೆ ನೀವು ಹೇಳೋದು ನಿಲ್ಲಿಸಿಬಿಡ್ತಿದ್ರಿ."