ನೈರೋಬಿಯ ಡಿಗ್ರಿ

ಮುಂಬಯಿ ಪಕ್ಕದ ಠಾಣೆ ಶಹರದ ಫಾರ್ಮಸಿ ನೋಂದಣಿ ಕಚೇರಿಯಲ್ಲಿ ಟೋಕನ್ ಸಂಖ್ಯೆ ಕೂಗುವಷ್ಟರಲ್ಲಿ ಮಗನ ಫೋನು ಮೂರನೆಯ ಸಲ ಬಂತು. ಪ್ರಭಾ ಎತ್ತಿದರು. ಪಕ್ಕದ ಕುರ್ಚಿಯಲ್ಲಿ ಆರು ತಿಂಗಳ ಬಸುರಿ ಸೊಸೆ ಶ್ರೀವಾಣಿ ಟೋಕನ್ ಚೀಟಿಯನ್ನು ಮಡಚಿ ಬಿಡಿಸುತ್ತ ಕೂತಿದ್ದಳು.

"ಅಮ್ಮ, ಈ ಹಟ ಬಿಡು," ಎಂದ ಮನೀಶ. "ಇನ್ನು ಮೂರು ತಿಂಗಳಿಗೆ ಮಗು. ದಿನವಿಡೀ ಮೆಡಿಕಲ್‌ನಲ್ಲಿ ನಿಂತರೆ ಮಗುವನ್ನು ಯಾರು ನೋಡ್ಕೊಳ್ಳೋದು?"

"ಅಪ್ಪ ಆಗುವವ ನೀನು. ನೀನೇ ನೋಡ್ಕೋ."

"ದಿನಾ ಲೋಕಲ್ ಟ್ರೇನಿನಲ್ಲಿ ನೇತಾಡಿ ಬರುವವನು ನಾನು."

"ಒಳ್ಳೇದಾಯ್ತು. ನೇತಾಡಿ ಅಭ್ಯಾಸ ಉಂಟಲ್ಲ, ತೊಟ್ಟಿಲು ತೂಗ್ಲಿಕ್ಕೆ ಕಷ್ಟ ಆಗ್ಲಿಕ್ಕಿಲ್ಲ."

ಫೋನು ಚೀಲದೊಳಗೆ ಹೋಯಿತು. ಫೈಲು ಹೊರಬಂತು.

ವಿದೇಶದಲ್ಲಿ ಫಾರ್ಮಸಿ ಓದಿದವರು ಇಲ್ಲಿ ನೋಂದಣಿಯಾಗದೆ ಔಷಧದ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿ ನಿಲ್ಲುವಂತಿಲ್ಲ. ಮೊದಲ ಸಲ ಪಠ್ಯಕ್ರಮದ ಪ್ರತಿ ಇಲ್ಲವೆಂದು ಅರ್ಜಿ ವಾಪಸ್ಸಾಗಿತ್ತು. ಎರಡನೆಯ ಸಲ, ಡಿಗ್ರಿ ನಿಜವೆಂದು ನೈರೋಬಿಯ ವಿಶ್ವವಿದ್ಯಾಲಯವೇ ಬರೆದುಕೊಡಬೇಕೆಂದರು. ಆ ಪತ್ರವೂ ಬಂದಿತ್ತು. ಇವತ್ತು ಕೊನೆಯ ದಿನ. ತಪ್ಪಿದರೆ ಅರ್ಜಿ ರದ್ದು. ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಮೆಡಿಕಲ್‌ನಲ್ಲಿ ಕಾದಿರಿಸಿದ ಕೆಲಸ ಇನ್ನೊಬ್ಬರಿಗೆ. ಕಲಿತದ್ದನ್ನೆಲ್ಲ ಮದುವೆ ನುಂಗಿಹಾಕುವುದು ತಮ್ಮ ಮನೆಯಲ್ಲಿ ಇನ್ನು ನಡೆಯದು. ಪ್ರಭಾ ಅದನ್ನು ಯಾರಿಗೂ ಹೇಳಲು ಹೋಗಲಿಲ್ಲ. ಎದ್ದು ಕಿಟಕಿಯ ಬಳಿ ನಿಂತರು. ಶ್ರೀವಾಣಿಯೂ ಹಿಂದೆಯೇ ಬಂದಳು.

ಕಿಟಕಿಯಾಚೆ ಕೂತಿದ್ದವನು ವಿಜಯಪುರದ ಕಡೆಯ ಜಟ್ಟೆಪ್ಪ. ಇವರ ಕನ್ನಡ ಕಿವಿಗೆ ಬಿದ್ದದ್ದೇ ಮರಾಠಿ ಬಿಟ್ಟ. ಡಿಗ್ರಿಯ ಮೇಲಿನ ಹೆಸರು, ಮುದ್ರೆ ನೋಡಿ ಪಕ್ಕಕ್ಕಿಟ್ಟ. ಶ್ರೀವಾಣಿಯತ್ತ ತಿರುಗಿದ.

"ಟ್ರೇನಿಂಗ್ ಎಷ್ಟ್ ತಾಸು ಮಾಡೀರಿ, ತಂಗಿ?"

ಶ್ರೀವಾಣಿ ಅತ್ತೆಯ ಮುಖ ನೋಡಿದಳು.

"ಆರುನೂರು," ಎಂದರು ಪ್ರಭಾ. "ಅಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ. ಪತ್ರ ಕೆಳಗುಂಟು."

"ಡಿಗ್ರ್ಯಾಗ ಅಡ್ಡಹೆಸರು ಬ್ಯಾರೆ ಐತಲ್ಲ?"

"ಮದುವೆಗೆ ಮುಂಚಿನದ್ದು. ಅಫಿಡವಿಟ್ ಉಂಟು."

ಜಟ್ಟೆಪ್ಪ ಪೆನ್ನು ಕೆಳಗಿಟ್ಟ. "ಅಕೀನ್ನ ಕೇಳಿದ್ರ ನೀವ ಹೇಳ್ತೀರಲ್ರಿ ಅವ್ವಾರ. ಸೊಸಿಗೆ ಬಾಯಿಲ್ಲೇನ್ರಿ?"

"ಧಾರಾಳ ಉಂಟು. ಈ ಅರ್ಜಿಗಾಗಿ ಗಂಡನ ಹತ್ರ ಜಗಳಾಡಿ ಸುಸ್ತಾಗಿದ್ದಾಳೆ."

ಶ್ರೀವಾಣಿ ನಕ್ಕಳು. ಸಾಲಿನಲ್ಲಿ ಹಿಂದೆ ನಿಂತಿದ್ದ ಹೆಂಗಸು ಅವಳ ಹೊಟ್ಟೆ ನೋಡಿ, ಅತ್ತೆಯನ್ನು ನೋಡಿ, ಮೆಲ್ಲಗೆ ಲೊಚಗುಟ್ಟಿದಳು. ಜಟ್ಟೆಪ್ಪನೂ ಆ ಹೆಂಗಸಿನ ಕಡೆಗೇ ತಲೆಯಾಡಿಸಿದ. ಇಂಥ ಅತ್ತೆಯರನ್ನು ಅವನು ಬೇಕಾದಷ್ಟು ಕಂಡಿದ್ದ.

ಪ್ರಭಾ ಕದಲಲಿಲ್ಲ. ಒಂದೊಂದೇ ಕಾಗದ ಕಿಂಡಿಯೊಳಗೆ ತಳ್ಳಿದರು. ಪಠ್ಯಕ್ರಮ. ಅಂಕಪಟ್ಟಿ. ನೈರೋಬಿಯ ಪತ್ರ. ಅವನು ಒಂದೊಂದಕ್ಕೂ ಸೀಲು ಹಾಕಿದ. ಕೊನೆಗೆ ಉಳಿದದ್ದು ಅರ್ಜಿ. ಅದರ ಮೊದಲ ಪುಟ ತೆರೆದವನ ಕೈ ಅರ್ಧದಲ್ಲೇ ನಿಂತಿತು.

"ಎಲ್ಲಾ ಬರೋಬರಿ ಮಾಡಿ ಕಡೀಕ ಕೆಡಿಸೀರಲ್ರಿ," ಎಂದ. "ಸೊಸಿ ಫಾರ್ಮಿಗೆ ನಿಮ್ಮ ಫೋಟೋ ಅಂಟಿಸೀರಿ."

"ಸೊಸೆ ಓದಿದ್ದು ಬಿ.ಕಾಂ.," ಎಂದರು ಐವತ್ತೆರಡರ ಪ್ರಭಾ. "ಫೋಟೋ ಸರಿಯೇ ಉಂಟು, ಸೀಲು ಹಾಕಿ."