ಗುರುಲಿಂಗಪ್ಪನ ಸಿಟ್ಟು

“ಚಿವುಟಿದರ ಮಾರಿ ಕಿವಚತಾರೇನ್ರಿ ನಿಮ್ಮ ಯಜಮಾನ್ರು?” ನರ್ಸ್ ತ್ರಿಶಲಾ ಕೇಳಿದಳು.

“ಇಲ್ರಿ ಬಾಯಾರ.”

“ತಾವಾಗಿ ಮಗ್ಗಲಾ ಬದಲಸ್ತಾರ?”

“ಎಲ್ಲೀದ್ರಿ! ಕೈ ಸುದ್ದಾ ಎತ್ತವಲ್ರು,” ಎಂದಳು ಶಿವಗಂಗವ್ವ. ಲಕವಾ ಹೊಡೆದು ಮೈ ಸ್ವಾಧೀನ ತಪ್ಪಿದ ಗಂಡ ಗುರುಲಿಂಗಪ್ಪನನ್ನು ಹುಕ್ಕೇರಿಯ ಈ ದವಾಖಾನೆಗೆ ತಂದಾಗಿನಿಂದ ಆತ ಕಣ್ಣು ತೆರೆದಿರಲಿಲ್ಲ. ಯಮಕನಮರಡಿಯ ಕಿರಾಣಿ ಅಂಗಡಿಯಲ್ಲಿ ಕೂತು ಅರ್ಧ ಊರನ್ನೇ ಗದರಿಸುತ್ತಿದ್ದ ಮನುಷ್ಯ! ಬೈಯುವ ಗಂಡ ಸುಮ್ಮನಾದರೆ ಸುಖ ಎನ್ನುವವರು ಒಮ್ಮೆ ಆಕೆಯ ಮುಖ ನೋಡಬೇಕಿತ್ತು.

“ನೋವ ತಿಳದರ ಮೈ ತಾನ ಸರೀತೈತ್ರಿ ಯವ್ವಾ. ತಿಳೀಲಿಲ್ಲಂದ್ರ ಒತ್ತಿದಲ್ಲೇ ಹುಣ್ಣು. ಇವರಿಗೆ ಹಂಗ ಹುಣ್ಣಾಗೂ ಅಂಜಿಕಿ ಭಾಳ ಐತಿ. ಹಿಡೀರಿ, ಬೆನ್ನು ನೋಡೂಣು.”

ಇಬ್ಬರೂ ಸೇರಿ ಹೊರಳಿಸಿದರು. ಹೆಗಲಿನ ಮೂಳೆಯ ಕೆಳಗೆ ದುಂಡನೆಯ ಕೆಂಪು ಗುರುತು. ಶಿವಗಂಗವ್ವ ಅದರ ಮೇಲೆ ಬೆರಳಾಡಿಸಿದಳು.

“ಅಯ್ಯ ನನ ಶಿವನ! ಹೊತ್ತೊತ್ತಿಗೆ ಹೊರಳಸಾಕತ್ತೇನಲ್ರಿ ನಾನು!”

ತ್ರಿಶಲಾ ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ಕೆಂಪು ಬಿಳಿಚಿಕೊಂಡು, ಮತ್ತೆ ಕೆಂಪಾಯಿತು. “ತೊಗಲು ಇನ್ನೂ ಕೆಟ್ಟಿಲ್ರಿ, ಅಂಜಬ್ಯಾಡ್ರಿ. ಆದರ ಇಲ್ಲಿ ಒತ್ತಿದ್ದರ ಏನು?” ಎನ್ನುತ್ತ ಹಾಸಿಗೆ ತಡವಿದಳು. ಸಿಕ್ಕಿದ್ದು ಇಷ್ಟಲಿಂಗದ ಬೆಳ್ಳಿ ಕರಡಿಗೆ. ಕೊರಳ ಶಿವದಾರ ತಿರುಗಿ, ಎದೆಯ ಮೇಲಿರಬೇಕಾದದ್ದು ಬೆನ್ನಿನಡಿ ಸೇರಿತ್ತು.

“ಬಿಚ್ಚಿಡ್ರಿ ಇದನ್ನ.”

“ಮೈಮ್ಯಾಲಿಂದ ಲಿಂಗ ತಗಿಯಾಕ ಬರಂಗಿಲ್ರಿ!” ಶಿವಗಂಗವ್ವ ಪಟ್ಟು ಹಿಡಿದಳು.

ತ್ರಿಶಲಾ ಬಸದಿಗೆ ಹೋಗಿ ಬರದೆ ನೀರೂ ಮುಟ್ಟದವಳು. ವಾದ ಮಾಡಲಿಲ್ಲ. “ಹಂಗಾದರ ಅವರ ಕೈಯಾಗ ಇಡ್ರಿ. ನಮ್ಮ ಕಣ್ಣಿಗೆ ಕಾಣೂಹಂಗ ಇರ್ಲಿ.”

ಶಿವಗಂಗವ್ವ ಶಿವದಾರವನ್ನು ಸಡಿಲಿಸಿ, ಪೂಜೆಯ ಹೊತ್ತಿನಲ್ಲಿ ಇಡುವಂತೆ, ಗಂಡನ ಎಡ ಅಂಗೈಯಲ್ಲಿ ಕರಡಿಗೆ ಇಟ್ಟಳು.

ಬೆರಳುಗಳು ಮೆಲ್ಲಗೆ ಮಡಚಿಕೊಂಡವು.

ಖರೆಯೋ ಭ್ರಮೆಯೋ ನೋಡೋಣವೆಂದು ತ್ರಿಶಲಾ ಕರಡಿಗೆಯನ್ನು ತುಸುವೇ ಜಗ್ಗಿದಳು. ಮುಷ್ಟಿ ಬಿಡಲಿಲ್ಲ. ಗುರುಲಿಂಗಪ್ಪನ ಹುಬ್ಬು ಗಂಟಿಕ್ಕಿತು, ಗಂಟಲಿನಿಂದ ಗುರ್ರೆಂಬ ಸದ್ದು ಬಂತು.

ಮದುವೆಯಾದಂದಿನಿಂದ ಆ ಹುಬ್ಬುಗಂಟಿಗೆ ನಡುಗಿಕೊಂಡೇ ಬಂದವಳು ಶಿವಗಂಗವ್ವ. ಈಗ ಕಣ್ಣೀರು ಸುರಿಸುತ್ತಲೇ ನಕ್ಕು, ನರ್ಸಿನ ತೋಳು ಹಿಡಿದುಕೊಂಡಳು.

“ಸಿಟ್ಟು ಬಂತು ನೋಡ್ರಿ ಇವರಿಗೆ! ಇನ್ನೊಮ್ಮಿ ಜಗ್ಗ್ರಿ ಬಾಯಾರ, ಇನ್ನೊಮ್ಮಿ!”